ತೂಂಬುದ್ರ ಅಂದ್ರೆ ಯಾವ ಹೊಳೆ?

ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಬರೆದ ಪತ್ರಗಳಲ್ಲಿ ಒಂದು ಹೊಳೆಯ ಹೆಸರು ಮತ್ತೆ ಮತ್ತೆ ಬರುತ್ತೆ. ಟಿ, ಎರಡು ಓ, ಎಂ, ಬಿ, ಯು, ಎರಡು ಡಿ, ಆರ್, ಎ. ನಾವು ಓದಿದ್ರೆ ‘ತೂಂಬುದ್ರ’. ಇದ್ಯಾವ ಹೊಳೆ ಮಾರಾಯ್ರೇ ಅಂತ ತಲೆ ಕೆರೆದುಕೊಳ್ಳಬೇಕು. ಹೊನ್ನಾಳಿ ಊರಿನ ಪಕ್ಕದಲ್ಲೇ ಹರಿಯುವ ನಮ್ಮ ತುಂಗಭದ್ರೆಯೇ ಅದು!

ವೆಲ್ಲೆಸ್ಲಿಗೆ ಈ ಹೊಳೆ ದಾಟುವ ಕೆಲಸ ಬಿದ್ದಿದ್ದೇ ನಮ್ಮ ಕಡೆಯವನೊಬ್ಬನಿಂದ. ಧೋಂಡಿಯಾ ವಾಘ್ ಚನ್ನಗಿರಿಯಲ್ಲಿ ಹುಟ್ಟಿದವನು. ಟಿಪ್ಪುವಿನ ಸೆರೆಯಲ್ಲಿದ್ದವನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಗೆ ಬಂದು ದಂಡು ಕಟ್ಟಿದ. ಅವನ ಬೆನ್ನು ಹತ್ತಿದ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಹತ್ತಿರ ಹೊಳೆ ದಾಟಿದ. ಸೆಪ್ಟೆಂಬರ್ 10ಕ್ಕೆ ಕೋನಗಲ್ ಬಳಿ ಧೋಂಡಿಯಾ ಸತ್ತ. ಈ ಓಡಾಟದ ಪತ್ರಗಳ ತುಂಬಾ ‘ತೂಂಬುದ್ರ’.

ಇದನ್ನು ನೋಡಿ ನಗೋದು ಸುಲಭ. ಆದ್ರೆ ಆ ಬರಹಕ್ಕೂ ಒಂದು ಲೆಕ್ಕ ಇತ್ತು. ಆಗಿನ ಇಂಗ್ಲಿಷರು ನಮ್ಮ ‘ಅ’ಕಾರಕ್ಕೆ ಯು ಅಕ್ಷರ ಹಾಕ್ತಿದ್ರು; ‘ಕಟ್’, ‘ಬಟ್’ ಅನ್ನೋ ಇಂಗ್ಲಿಷ್ ಪದಗಳಲ್ಲಿ ಇದ್ದಂತೆ. ‘ಉ’ಕಾರಕ್ಕೆ ಎರಡು ಓ. ಅದೇ ಲೆಕ್ಕದಲ್ಲಿ ಹರಿಹರಕ್ಕೂ ಯು ಹಾಕಿ ಬರೆದರು. ನಾವು ಓದಿದ್ರೆ ‘ಹುರ್ರಿಹುರ್’. ಈ ಲೆಕ್ಕ ಗೊತ್ತಿದ್ರೆ ‘ತೂಂಬುದ್ರ’ವನ್ನು ‘ತುಂಬದ್ರ’ ಅಂತ ಓದಬಹುದು. ನಡುವಿನ ‘ಗ’ ಒಂದು ನುಂಗಿ ಹೋಗಿದೆ, ಅಷ್ಟೆ.

ಆದ್ರೆ ಆ ‘ಗ’ ಹೋದದ್ದು ಸಣ್ಣ ನಷ್ಟವಲ್ಲ. ಈ ಹೆಸರಿನಲ್ಲಿ ಇರುವುದು ಎರಡು ಹೊಳೆ. ತುಂಗ ಅಂದ್ರೆ ಎತ್ತರದ್ದು, ಭದ್ರ ಅಂದ್ರೆ ಮಂಗಳಕರವಾದದ್ದು. ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಕೂಡುತ್ತವೆ. ಊರಿನ ಹೆಸರೇ ಅದನ್ನು ಹೇಳುತ್ತೆ. ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನುವ ಜನಕ್ಕೆ ಎರಡರ ನೀರಿನ ರುಚಿಯೂ ಬೇರೆ. ಕತ್ತಲಗೆರೆಯ ಗದ್ದೆಯವರನ್ನು ಕೇಳಿ, ‘ಭದ್ರಾ ನಾಲೆ ನೀರು’ ಅಂತಾರೆ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಬರುವ ನೀರದು. ಹೊನ್ನಾಳಿಯಲ್ಲಿ ಹರಿಯುವುದು ಎರಡೂ ಸೇರಿದ್ದು. ‘ತೂಂಬುದ್ರ’ ಅಂದ ತಕ್ಷಣ ಇದೆಲ್ಲ ಅಳಿಸಿಹೋಗುತ್ತೆ. ಅರ್ಥ ಹೋಗಿ ಬರೀ ಸದ್ದು ಉಳಿಯುತ್ತೆ.

ಆ ಸದ್ದೇ ಮುಂದೆ ಗಡಿಯಾಯಿತು ನೋಡಿ. 1800ರ ಅಕ್ಟೋಬರ್ 12ರಂದು ಕಂಪನಿಗೂ ಹೈದರಾಬಾದಿನ ನಿಜಾಮನಿಗೂ ಒಂದು ಒಪ್ಪಂದ ಆಯ್ತು. ಹೊಳೆಯೇ ಗೆರೆ ಆಗಲಿ ಅಂತ ಆಚೀಚೆಯ ಸೀಮೆಗಳನ್ನು ಅದಲುಬದಲು ಮಾಡಿಕೊಂಡರು. ತೆಂಕಣ ದಂಡೆಯ ಬಳ್ಳಾರಿ ಸೀಮೆ ಕಂಪನಿಗೆ, ಬಡಗಣ ದಂಡೆಯ ಕೊಪ್ಪಳ ನಿಜಾಮನಿಗೆ. ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಭಾಷೆ ಆಡುವ ಹೊಸಪೇಟೆ ಮತ್ತು ಕೊಪ್ಪಳ ಒಂದೂವರೆ ಶತಮಾನ ಬೇರೆ ಬೇರೆ ಆಡಳಿತದಲ್ಲಿ ಉಳಿದವು. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಶುರುವಾದಾಗ ಮದ್ರಾಸ್ ಮತ್ತು ಹೈದರಾಬಾದ್ ಎರಡೂ ಸರ್ಕಾರಗಳು ಕೈ ಹಾಕಬೇಕಾಗಿ ಬಂದದ್ದೂ ಈ ಗೆರೆಯಿಂದಲೇ. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಎರಡೂ ದಂಡೆ ಒಂದಾಗಲು 1956 ಬರಬೇಕಾಯಿತು.

ಹೆಸರು ಸರಿಯಾದ ಕತೆ ಬೇರೆ. ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳನ್ನು ಹೇಗೆ ಬರೆಯಬೇಕು ಅಂತ ವಿಲಿಯಂ ವಿಲ್ಸನ್ ಹಂಟರ್ 1870ರ ದಶಕದಲ್ಲಿ ಒಂದು ಪದ್ಧತಿ ತಂದ. ‘ಅ’ಕಾರಕ್ಕೆ ಎ, ‘ಉ’ಕಾರಕ್ಕೆ ಯು. 1897ರ ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ನಮ್ಮ ಹೊಳೆ ತನ್ನ ಪೂರ್ತಿ ಹೆಸರಿನಲ್ಲೇ ಇದೆ. ಆದ್ರೆ ಹಂಟರ್ ಒಂದು ವಿನಾಯಿತಿ ಇಟ್ಟಿದ್ದ: ಬಹಳ ಕಾಲದಿಂದ ಬಳಕೆಯಲ್ಲಿ ಊರಿದ ಬರಹಗಳು ಹಾಗೇ ಇರಲಿ ಅಂತ. ಕಾವೇರಿಯ ಹಳೆಯ ಬರಹ ಹೋಗಲಿಲ್ಲ. 1990ರ ಜಲವಿವಾದ ನ್ಯಾಯಮಂಡಳಿಯ ಹೆಸರಲ್ಲೂ ಅದು ಸಿ ಅಕ್ಷರದ ‘ಕಾವರಿ’. ತುಂಗಭದ್ರೆ ಬಚಾವಾದಳು.

ಹಾಗಂತ ತೊಂದರೆ ಮುಗಿದಿಲ್ಲ. ಕರ್ನಾಟಕದವರು ‘ತ’ಕಾರಕ್ಕೆ ಟಿ-ಎಚ್ ಹಾಕ್ತೀವಿ. ನ್ಯಾಮತಿ, ಕತ್ತಲಗೆರೆ ಎರಡಕ್ಕೂ ಅದೇ. ಉತ್ತರದವರು ಅದನ್ನು ‘ನ್ಯಾಮಥಿ’, ‘ಕಥಲಗೆರೆ’ ಅಂತ ಓದಿದ್ರೆ ತಪ್ಪು ಅವರದ್ದಲ್ಲ. ಬರೀ ಟಿ ಹಾಕಿದ್ರೆ ‘ಟಂಗಭದ್ರ’ ಅನ್ನೋರೂ ಇದಾರೆ. ಹೊಳೆಹೊನ್ನೂರಿನ ಇಂಗ್ಲಿಷ್ ಬೋರ್ಡು ಇನ್ನೂ ಮಜಾ. ಅದರ ಮೊದಲ ನಾಲ್ಕು ಅಕ್ಷರಕ್ಕೆ ಇಂಗ್ಲಿಷಿನಲ್ಲಿ ‘ತೂತು’ ಅಂತ ಅರ್ಥ!

ಇದರಲ್ಲಿ ನಮಗೊಂದು ಕೆಲಸವೂ ಇದೆ. ನಮ್ಮ ಸೀಮೆಯ ಎಷ್ಟೋ ಚರಿತ್ರೆ ಇಂಗ್ಲಿಷ್ ಕಡತಗಳಲ್ಲಿ ಕೂತಿದೆ. ಮನೆಯ ಮಕ್ಕಳು ಯಾರಾದ್ರೂ ಅದನ್ನು ಹುಡುಕಲು ಹೊರಟರೆ ‘ತುಂಗಭದ್ರಾ’ ಅಂತಷ್ಟೇ ಹುಡುಕಿದ್ರೆ ಅರ್ಧ ಸಿಗಲ್ಲ. ‘ತೂಂಬುದ್ರ’ವನ್ನೂ ಹುಡುಕಲು ಹೇಳಿಕೊಡಿ. ಜೊತೆಗೆ ಅದರಲ್ಲಿ ‘ಗ’ ಎಲ್ಲಿ ಹೋಯ್ತು, ಎರಡು ಹೊಳೆ ಎಲ್ಲಿ ಕೂಡ್ತವೆ ಅನ್ನೋದನ್ನೂ ಹೇಳಿ. ಅದನ್ನು ಕಡತ ಹೇಳಲ್ಲ, ನಾವೇ ಹೇಳಬೇಕು.