ಗೆಲಾಕ್ಸಿಗಳ ಡಿಕ್ಕಿ ಮತ್ತು ಒಂದು ಬಾಟಲಿ ವಿಸ್ಕಿ

ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದರೆ ನಕ್ಷತ್ರಗಳೆಲ್ಲ ಪುಡಿಯಾಗುತ್ತವೆಯೇ ಎಂದು ನಿಮ್ಮಲ್ಲಿ ಯಾರಾದರೊಬ್ಬರು ಕೇಳದ ವರ್ಷವಿರಲಿಲ್ಲ. ಆಗುವುದಿಲ್ಲ. ಸೂರ್ಯನನ್ನು ಒಂದು ರಾಗಿಕಾಳೆಂದು ಭಾವಿಸಿದರೆ ಅತ್ಯಂತ ಸಮೀಪದ ನಕ್ಷತ್ರ ಸುಮಾರು 40 ಕಿಲೋಮೀಟರ್ ಆಚೆ ಇರುತ್ತದೆ. ಕಾಳಿಗೆ ಕಾಳು ತಗಲುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಕ್ಷತ್ರಗಳ ನಡುವೆ ಹರಡಿಕೊಂಡಿರುವ ಅನಿಲಕ್ಕೆ ತಪ್ಪಿಸಿಕೊಳ್ಳಲು ಎಡೆಯಿಲ್ಲ.

1951ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದವರು ಲೈಮನ್ ಸ್ಪಿಟ್ಜರ್ ಮತ್ತು ವಾಲ್ಟರ್ ಬಾಡೆ. ಕೋಮಾ ಗುಚ್ಛದಂತಹ ಕಿಕ್ಕಿರಿದ ಗೆಲಾಕ್ಸಿಗುಚ್ಛಗಳಲ್ಲಿ ಅನಿಲವೂ ಎಳೆಯ ನಕ್ಷತ್ರಗಳೂ ಇಲ್ಲದ ಗೆಲಾಕ್ಸಿಗಳೇ ಹೆಚ್ಚು; ಸುರುಳಿ ಗೆಲಾಕ್ಸಿಗಳು ವಿರಳ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದ ಡಿಕ್ಕಿಯಲ್ಲಿ ನಕ್ಷತ್ರಗಳು ಹಾದುಹೋಗುತ್ತವೆ, ಕಾದ ಅನಿಲ ಮಾತ್ರ ಹಿಂದುಳಿಯುತ್ತದೆ, ಹೊಸ ನಕ್ಷತ್ರಗಳಿಗೆ ಕಚ್ಚಾವಸ್ತುವೇ ಇಲ್ಲದಂತಾಗುತ್ತದೆ ಎಂಬುದು ಅವರ ವಿವರಣೆ.

ಅದೇ ಕಾಲದಲ್ಲಿ ರಾಜಹಂಸ ರಾಶಿಯಲ್ಲಿ ಪ್ರಬಲ ರೇಡಿಯೊ ಅಲೆಗಳನ್ನು ಸೂಸುವ ಒಂದು ವಿಚಿತ್ರ ಗೆಲಾಕ್ಸಿ ಬಾಡೆಯವರ ಕಣ್ಣಿಗೆ ಬಿತ್ತು. ಇದು ಡಿಕ್ಕಿಯೇ ಎಂದು ಅವರು ಹಟ ಹಿಡಿದರು. ಸಹೋದ್ಯೋಗಿ ರುಡಾಲ್ಫ್ ಮಿಂಕೋವ್‌ಸ್ಕಿ ಒಪ್ಪಲಿಲ್ಲ. ಬಾಡೆ ಸಾವಿರ ಡಾಲರ್ ಪಂದ್ಯಕ್ಕೆ ಕರೆದರಂತೆ. ಮಿಂಕೋವ್‌ಸ್ಕಿ ಅದನ್ನು ಒಂದು ಬಾಟಲಿ ವಿಸ್ಕಿಗೆ ಇಳಿಸಿದರಂತೆ. ವರ್ಣಪಟಲದಲ್ಲಿ ಕಾದ ಅನಿಲದ ಉಜ್ಜ್ವಲ ರೇಖೆಗಳು ಕಂಡವು, ಮಿಂಕೋವ್‌ಸ್ಕಿ ಸೋಲೊಪ್ಪಿದರು. 1954ರಲ್ಲಿ ಇಬ್ಬರೂ ಸೇರಿ ಪ್ರಬಂಧವನ್ನೂ ಪ್ರಕಟಿಸಿದರು.

ಪಂದ್ಯ ಗೆದ್ದ ವಾದ ಮಾತ್ರ ಉಳಿಯಲಿಲ್ಲ. ಆ ಗೆಲಾಕ್ಸಿಯ ರೇಡಿಯೊ ಶಕ್ತಿಯ ಮೂಲ ಅದರ ಕೇಂದ್ರದಲ್ಲಿರುವ ಬೃಹತ್ ಕಪ್ಪುಕುಳಿ ಎಂಬುದು ಈಗ ಸಿದ್ಧವಾದ ಸಂಗತಿ. ವಿಸ್ಕಿ ಹಿಂತಿರುಗಿಸುವ ಪ್ರಶ್ನೆ ಬಂದಂತಿಲ್ಲ!

ಹಾಗೆಂದು 1951ರ ಪ್ರಬಂಧವನ್ನು ಬದಿಗಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅನಿಲ ಕಳೆದುಹೋಗುತ್ತದೆ ಎಂಬ ಅವರ ಮಾತು ನಿಜವೇ. ಕಸಿದುಕೊಂಡವರು ಯಾರೆಂಬುದಷ್ಟೇ ಬೇರೆಯಾಯಿತು. 1970ರ ಡಿಸೆಂಬರ್‌ನಲ್ಲಿ ಕೀನ್ಯಾದ ಕಡಲತೀರದಾಚೆಯಿಂದ ಹಾರಿದ ಉಹುರು ಉಪಗ್ರಹ ಕೋಮಾ ಮುಂತಾದ ಗುಚ್ಛಗಳಿಂದ ಎಕ್ಸ್-ಕಿರಣಗಳು ಬರುವುದನ್ನು ಗುರುತಿಸಿತು. ಗೆಲಾಕ್ಸಿಗಳ ನಡುವಣ ಜಾಗ ಬರಿದಲ್ಲ. ಕೋಟಿಗಟ್ಟಲೆ ಡಿಗ್ರಿ ಉಷ್ಣತೆಯ ತೆಳುವಾದ ಅನಿಲ ಅಲ್ಲೆಲ್ಲ ತುಂಬಿದೆ. 1972ರಲ್ಲಿ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ ಇದರ ಪರಿಣಾಮವನ್ನು ಲೆಕ್ಕ ಹಾಕಿದರು. ಗುಚ್ಛದೊಳಗೆ ಧಾವಿಸುವ ಗೆಲಾಕ್ಸಿಗೆ ಈ ಅನಿಲ ಎದುರುಗಾಳಿಯಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುತ್ತದೆ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಹಾರಿ ಕಾಳು ಉಳಿಯುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮತ್ತೊಂದು ಗೆಲಾಕ್ಸಿ ಬಂದು ಡಿಕ್ಕಿ ಹೊಡೆಯುವ ಅಗತ್ಯವೇ ಇಲ್ಲ.

ಹೀಗೆ ತೂರಿಹೋದ ಅನಿಲದ ಬಾಲವುಳ್ಳವನ್ನು ಇಂದು ಜೆಲ್ಲಿಫಿಶ್ ಗೆಲಾಕ್ಸಿಗಳೆನ್ನುತ್ತಾರೆ. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್‌ನಲ್ಲಿ, ಹೊಸಕೋಟೆಯಲ್ಲಿ ಜೋಡಿಸಿದ ನೇರಳಾತೀತ ದೂರದರ್ಶಕವಿದೆ. ಏಬೆಲ್ 85 ಗುಚ್ಛದ ಇಂತಹ ಒಂದು ಗೆಲಾಕ್ಸಿಯನ್ನು ಅದು ನೋಡಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕಿತ್ತುಬಂದ ಆ ಅನಿಲದಲ್ಲಿ, ತಾಯಿಮನೆಯ ಹೊರಗೇ, ಎಳೆಯ ನಕ್ಷತ್ರಗಳು ಗೊಂಚಲುಗೊಂಚಲಾಗಿ ಹುಟ್ಟಿದ್ದವು.