ಮನೆಯ ನಿವೇಶನ: ಮಳಖೇಡ ಮತ್ತು ಕೊಂಡಾಪುರಗಳ ನಡುವಿನ ಒಂದು ವಿಚಾರ

ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ ಬಂಡೆಗಲ್ಲುಗಳ ನಡುವಣ ಹಳ್ಳಿಯಾಗಿದ್ದ ಕೊಂಡಾಪುರವು, 1998ರಲ್ಲಿ ಸಮೀಪದ ಮಾದಾಪುರದಲ್ಲಿ ಸೈಬರ್ ಟವರ್ಸ್ ಕಟ್ಟಡ ಆರಂಭವಾದ ತರುವಾಯ ಬಹುಮಹಡಿ ಮನೆಗಳ ಬಡಾವಣೆಯಾಗಿ ಮಾರ್ಪಟ್ಟಿತು. ಇಲ್ಲಿಗೆ ಹತ್ತಿರದ ಲಿಂಗಂಪಲ್ಲಿ ನಿಲ್ದಾಣದ ಮೂಲಕ ಹಾದುಹೋಗುವ ರೈಲುಮಾರ್ಗವು ನಿಜಾಮರ ಕಾಲದ್ದು. 1874ರಲ್ಲಿ ಆರಂಭವಾದ ಈ ಮಾರ್ಗ ತಾಂಡೂರು, ಸೇಡಂಗಳನ್ನು ದಾಟಿ ಮಳಖೇಡವನ್ನು ಮುಟ್ಟಿ ವಾಡಿಯನ್ನು ಸೇರುತ್ತದೆ. ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕಾಗಿ ಈ ನಗರಕ್ಕೆ ಬರುವ ಕನ್ನಡ ಹಾಗೂ ಲಂಬಾಣಿ ಭಾಷಿಕ ಕುಟುಂಬಗಳು ಅನೇಕ. ಪರರ ಮನೆಗಳನ್ನು ಕಟ್ಟುವ ಈ ಜನರಿಗೆ ತಮ್ಮ ಊರಿನಲ್ಲಿ ಮನೆಯೆಂಬುದು ಯಾವ ಸ್ಥಿತಿಯಲ್ಲಿದೆ? ಗ್ರಾಮೀಣ ವಸತಿಗಾಗಿ ಸರ್ಕಾರ ನಡೆಸಿದ ಪ್ರಯತ್ನಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಪದದ ವಿಚಾರ. ಕನ್ನಡ ಶಾಸನಗಳಲ್ಲಿ ‘ಮನೆಯ ನಿವೇಶನ’ ಎಂಬ ಪ್ರಯೋಗ ಅಪರೂಪವಲ್ಲ. ದೇವಾಲಯಕ್ಕೋ ಅಗ್ರಹಾರಕ್ಕೋ ಗದ್ದೆ, ಹೂದೋಟ, ಗಾಣಗಳೊಡನೆ ಮನೆ ಕಟ್ಟುವ ನೆಲವನ್ನೂ ಅಳೆದು, ಎಲ್ಲೆಗಳನ್ನು ಹೇಳಿ ದತ್ತಿಯಾಗಿ ಬಿಡಲಾಗುತ್ತಿತ್ತು. ಇನ್ನೊಂದೆಡೆ ‘ಮನೆದೆರೆ’ಯೂ ಶಾಸನಗಳಲ್ಲಿ ಕಾಣುತ್ತದೆ. ಅಂದರೆ ಅಂದಿನ ಪ್ರಭುತ್ವವು ಮನೆಯನ್ನು ಬಲ್ಲುದು ಎರಡೇ ಬಗೆಯಲ್ಲಿ: ಕೆಲವರಿಗೆ ಕೊಡುವ ನೆಲವಾಗಿ, ಉಳಿದವರಿಂದ ಪಡೆಯುವ ತೆರಿಗೆಯಾಗಿ. ಹೊಲದಲ್ಲಿ ದುಡಿಯುವವನ ಗುಡಿಸಲಿಗೆ ಎಲ್ಲೆ ಬರೆದು ಕೊಡುವ ಹೊಣೆ ಅದರದಾಗಿರಲಿಲ್ಲ. ಶಾಸನಗಳ ಆ ಎಲ್ಲೆಯ ವಿವರಣೆಯು ಇಂದಿನ ಹಕ್ಕುಪತ್ರದ ಚಕ್ಕುಬಂದಿಯಲ್ಲಿ ಮುಂದುವರಿದಿದೆ ಎಂಬುದು ಗಮನಾರ್ಹ.

ಆಧುನಿಕ ಕಾಲದಲ್ಲಿ ಸರ್ಕಾರವು ವಸತಿಯ ಕ್ಷೇತ್ರವನ್ನು ಪ್ರವೇಶಿಸಿದ್ದು ಬಡವರ ಅಗತ್ಯವನ್ನು ಕಂಡು ಅಲ್ಲ, ವಿಪತ್ತುಗಳಿಗೆ ಅಂಜಿ. 1898ರಲ್ಲಿ ಬೆಂಗಳೂರಿಗೆ ತಗುಲಿದ ಪ್ಲೇಗು ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಿಗೆ ಕಾರಣವಾಯಿತು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ರೂಪುಗೊಂಡಿತು. ಹೈದರಾಬಾದಿನಲ್ಲಿ 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಪ್ರವಾಹವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಬರಮಾಡಿಕೊಳ್ಳಲಾಯಿತು. 1912ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪಿತವಾಯಿತು. ಈ ಎಲ್ಲ ಕಾರ್ಯಗಳೂ ರಾಜಧಾನಿಗಳಿಗೆ, ದೊಡ್ಡ ಪಟ್ಟಣಗಳಿಗೆ ಸೀಮಿತವಾಗಿದ್ದವು. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇವುಗಳ ಪರಿಧಿಯ ಹೊರಗೇ ಉಳಿದವು.

1956ರ ನವೆಂಬರ್ 1ರಂದು ಈ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಗೃಹಮಂಡಲಿಯ ಕಾಯ್ದೆ ಬಂದುದು 1962ರಲ್ಲಿ. ಆದರೆ ಕಂತಿನಲ್ಲಿ ಹಣ ತೆರಬಲ್ಲ ನೌಕರವರ್ಗಕ್ಕೆ ಒದಗುವ ಮನೆಯು ಕೂಲಿಕಾರನ ಕೈಗೆ ಎಟುಕುವಂಥದಲ್ಲ. ಹಳ್ಳಿಯ ಭೂರಹಿತ ಕಾರ್ಮಿಕರಿಗೆ ನಿವೇಶನ ಹಂಚುವ ಕೇಂದ್ರದ ಯೋಜನೆ 1971ರಲ್ಲಿ ಆರಂಭವಾಗಿ 1974ರಲ್ಲಿ ರಾಜ್ಯಗಳಿಗೆ ವರ್ಗಾವಣೆಗೊಂಡಿತು. ಅದೇ ವರ್ಷ ದೇವರಾಜ ಅರಸು ಅವರ ಸರ್ಕಾರ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರಿಗೆ ಭೂಮಿ ದೊರಕಿಸಿದ್ದಕ್ಕಾಗಿ ಪ್ರಸಿದ್ಧವಾಗಿದೆ. ಆದರೆ ಈ ಕಾಯ್ದೆಯ 38ನೆಯ ಪ್ರಕರಣವು ಅಷ್ಟೇ ಮಹತ್ವದ್ದು. ಪರರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸವಾಗಿರುವ ಕೃಷಿಕಾರ್ಮಿಕನಿಗೆ ಆ ಮನೆಯ ನೆಲದ ಒಡೆತನವನ್ನು ಅದು ಮಾನ್ಯ ಮಾಡುತ್ತದೆ. ಮನೆ ಎಂದರೆ ಮೊದಲು ನೆಲ ಎಂಬ ಅರಿವು ಇಲ್ಲಿ ಕಾನೂನಿನ ಮಾತಾಗಿ ವ್ಯಕ್ತವಾಗಿದೆ.

ಮುಂದಿನ ದಶಕಗಳಲ್ಲಿ ಯೋಜನೆಗಳ ಸಾಲೇ ಬಂದಿತು. 1985–86ರಲ್ಲಿ ಕೇಂದ್ರದ ಇಂದಿರಾ ಆವಾಸ್ ಯೋಜನೆ, 1991–92ರಲ್ಲಿ ರಾಜ್ಯದ ಆಶ್ರಯ ಯೋಜನೆ, 2000ದಲ್ಲಿ ಇವೆಲ್ಲವನ್ನು ನಿರ್ವಹಿಸಲು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನವೂ, ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣವೂ ಗೊತ್ತಾದವು. ಈ ಬಗೆಯ ಯೋಜನೆಗಳಲ್ಲಿ ಹಣ ಒಮ್ಮೆಗೇ ಕೈ ಸೇರುವುದಿಲ್ಲ. ಕೆಲಸ ಮುಂದುವರಿದಂತೆ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಸಹಾಯಧನ ಸಾಲದೆ ಬಂದಾಗ ಉಳಿದುದನ್ನು ಫಲಾನುಭವಿಯೇ ಹೊಂದಿಸಬೇಕು. ಆ ಹಣಕ್ಕಾಗಿಯೇ ಆತ ನಗರಕ್ಕೆ ಗುಳೆ ಹೊರಡುತ್ತಾನೆ. ಊರಿನ ಮನೆ ಅರ್ಧಕ್ಕೆ ನಿಲ್ಲುತ್ತದೆ.

ಆದರೆ ಈ ಕಷ್ಟವೂ ನಿವೇಶನವಿದ್ದವನದು. ಸ್ವಂತ ಹೆಸರಿನಲ್ಲಿ ನೆಲವಿಲ್ಲದವನಿಗೆ ಕಟ್ಟಡದ ಸಹಾಯಧನ ದೊರೆಯುವುದೇ ದುರ್ಲಭ. ಇದಕ್ಕೆ ಸ್ಪಷ್ಟ ನಿದರ್ಶನ ಲಂಬಾಣಿ ತಾಂಡಾಗಳು. ಹಳ್ಳಿಯಿಂದ ದೂರ, ಗೋಮಾಳದಲ್ಲೋ ಕಾಡಿನಂಚಿನಲ್ಲೋ ಪರರ ಪಟ್ಟಾ ಭೂಮಿಯಲ್ಲೋ ನೆಲೆನಿಂತ ಈ ವಸತಿಗಳಲ್ಲಿ ಅನೇಕವು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಜನರು ಮತದಾರರ ಪಟ್ಟಿಯಲ್ಲಿದ್ದರು. ಅವರ ಮನೆ ನಿಂತ ನೆಲ ಮಾತ್ರ ಅವರದಾಗಿರಲಿಲ್ಲ. 2016ರ ತಿದ್ದುಪಡಿ ಕಾಯ್ದೆಯು ಭೂಸುಧಾರಣಾ ಕಾನೂನಿಗೆ 38-ಎ ಪ್ರಕರಣವನ್ನು ಸೇರಿಸಿ, ದಾಖಲೆಯಿಲ್ಲದ ತಾಂಡಾ, ಹಟ್ಟಿಗಳ ನಿವಾಸಿಗಳಿಗೆ ಒಡೆತನ ಕೊಡುವ ಮಾರ್ಗವನ್ನು ತೆರೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1475 ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿ 19ರಂದು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಸಮಾರಂಭ ನಡೆದುದು ಮಳಖೇಡದಲ್ಲಿ. ರಾಷ್ಟ್ರಕೂಟರ ಮಾನ್ಯಖೇಟವೆಂದು, ಅಮೋಘವರ್ಷನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚಿತವಾದ ತಾಣವೆಂದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲ ಊರು ಅದು. ಅಗ್ರಹಾರಗಳಿಗೆ ಎಲ್ಲೆ ಬರೆದುಕೊಟ್ಟ ನಾಡಿನಲ್ಲಿ ದುಡಿಮೆಗಾರನ ಮನೆಗೂ ಚಕ್ಕುಬಂದಿ ಬರೆಯಲು ಸಾವಿರಕ್ಕೂ ಮಿಕ್ಕಿದ ವರ್ಷಗಳು ಹಿಡಿದವು. ಇದೇ ಸೀಮೆ ಸುಣ್ಣಕಲ್ಲಿಗೂ ಶಹಾಬಾದಿ ಹಾಸುಗಲ್ಲಿಗೂ ಸಿಮೆಂಟಿಗೂ ಹೆಸರಾದುದು. ಇಲ್ಲಿನ ಕೊರತೆ ಕೇವಲ ಕಲ್ಲು ಗಾರೆಗಳದಲ್ಲ, ಕಾಗದದ್ದೂ ಹೌದು.

ಗಡಿಯ ಈಚೆಗೆ ತೆಲಂಗಾಣವು ಅನುಸರಿಸಿದ ದಾರಿ ಬೇರೆ. ಕೊಂಡಾಪುರದಿಂದ ಪಶ್ಚಿಮಕ್ಕೆ, ಸಂಗಾರೆಡ್ಡಿ ಜಿಲ್ಲೆಯ ಕೊಲ್ಲೂರಿನಲ್ಲಿ 2023ರ ಜೂನ್ 22ರಂದು 15,660 ‘ಡಬಲ್ ಬೆಡ್‌ರೂಂ’ ಮನೆಗಳ ಬಹುಮಹಡಿ ಸಮುಚ್ಚಯ ಉದ್ಘಾಟನೆಗೊಂಡಿತು. ಅಲ್ಲಿ ಸರ್ಕಾರವೇ ಮನೆ ಕಟ್ಟಿ ಕೊಟ್ಟಿತು. ಕರ್ನಾಟಕದಲ್ಲಿ ನೆಲದ ಹಕ್ಕನ್ನೂ ಸಹಾಯಧನವನ್ನೂ ಕೊಟ್ಟು ಕಟ್ಟುವ ಹೊಣೆಯನ್ನು ಫಲಾನುಭವಿಗೆ ಬಿಟ್ಟಿತು. ಮೊದಲನೆಯದರಲ್ಲಿ ಮನೆ ಬೇಗ ಕಣ್ಣಿಗೆ ಕಾಣುತ್ತದೆ. ಆದರೆ ಅದು ದುಡಿಮೆಯ ತಾಣದಿಂದ ದೂರವಿರಬಹುದು. ಎರಡನೆಯದರಲ್ಲಿ ಮನೆ ನಿಧಾನವಾಗಿ ಏಳುತ್ತದೆ. ಆದರೆ ನೆಲ ಕುಟುಂಬದ್ದಾಗಿ ಉಳಿಯುತ್ತದೆ. ಕಲಬುರಗಿಯಿಂದ ಬಂದು ಇಲ್ಲಿ ದುಡಿಯುವ ವಲಸೆಗಾರನಿಗೆ ಮೊದಲನೆಯದು ಪರರಾಜ್ಯದ ಸೌಲಭ್ಯ. ಎರಡನೆಯದಕ್ಕೆ ಅರ್ಜಿ ಹಾಕಲು ಆತ ಊರಿನಲ್ಲಿರಬೇಕು.

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದಿಷ್ಟು: ಗ್ರಾಮೀಣ ವಸತಿಯ ಚರಿತ್ರೆಯನ್ನು ಕಟ್ಟಿದ ಮನೆಗಳ ಎಣಿಕೆಯಿಂದ ಮಾತ್ರ ಬರೆಯಲಾಗದು, ನಿವೇಶನ ಯಾರ ಹೆಸರಿಗೆ, ಯಾವಾಗ, ಯಾವ ಕಾಗದದಿಂದ ಬಂದಿತು ಎಂಬುದೇ ಅದರ ತಿರುಳು. ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಗ್ರಾಮ ಪಂಚಾಯಿತಿಯ ದಾಖಲೆಗಳನ್ನೂ ತಾಂಡಾಗಳ ಹಕ್ಕುಪತ್ರಗಳನ್ನೂ ಓದಬೇಕಾಗಿದೆ. ಹೊರನಾಡಿನ ಸಂಶೋಧಕರಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ: ಆ ಹಕ್ಕುಪತ್ರಗಳ ಒಡೆಯರಲ್ಲಿ ಕೆಲವರಾದರೂ ನಮ್ಮ ನೆರೆಯಲ್ಲೇ, ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ವಾಸವಾಗಿದ್ದಾರೆ.