ಅಗ್ಗದ ಊರಿನ ಹಿಂದಿನ ಇತಿಹಾಸ

ಡಿಸೆಂಬರ್ ತಿಂಗಳು ಬಂದಿತೆಂದರೆ ಹಳೆಯ ವಿದ್ಯಾರ್ಥಿಗಳಿಂದಲೂ ನೆಂಟರಿಷ್ಟರಿಂದಲೂ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಎರಡು ದಿನ ರಜೆಯಿದೆ. ಮಕ್ಕಳಿಗೆ ಇತಿಹಾಸ, ಸಂಸ್ಕೃತಿ ಅಂತ ಏನಾದರೂ ತೋರಿಸಬೇಕು. ಕೈಯಲ್ಲಿರುವ ಹಣ ಕಡಿಮೆ. ಯಾವ ಊರಿಗೆ ಹೋಗೋಣ?" ನನ್ನ ಉತ್ತರವೂ ಒಂದೇ: ವಿಜಯಪುರ. ಕೇಳಿದವರಲ್ಲಿ ಹಲವರು "ಗೋಲಗುಂಬಜ ತಾನೆ, ಅರ್ಧ ದಿನ ಸಾಕಲ್ಲ" ಎಂದು ಹೇಳಿ ಬೇರೆ ಕಡೆಗೆ ಹೊರಟುಬಿಡುತ್ತಾರೆ. ಆದುದರಿಂದ ನನ್ನ ಕಾರಣಗಳನ್ನು ಈ ಸಲ ಬರೆದೇ ತಿಳಿಸುತ್ತಿದ್ದೇನೆ.

ರಾಜಧಾನಿಯ ವೈಭವವನ್ನು ಕಂಡ ಊರೊಂದು ಪ್ರವಾಸಿಗೆ ಅಗ್ಗವಾಗಿ ಉಳಿಯಬೇಕಾದರೆ ಅದರ ಹಿಂದೆ ಒಂದು ಪತನದ ಕಥೆ ಇರುತ್ತದೆ. 1565ರ ಜನವರಿಯಲ್ಲಿ ನಡೆದ ರಕ್ಕಸತಂಗಡಿಯ ಯುದ್ಧವನ್ನು ನೀವೆಲ್ಲರೂ ತರಗತಿಯಲ್ಲಿ ಓದಿದ್ದೀರಿ. ಹಂಪಿ ಹಾಳಾಯಿತು ಎಂಬಲ್ಲಿಗೆ ನಮ್ಮ ಪಠ್ಯಪುಸ್ತಕಗಳು ಆ ಕಥೆಯನ್ನು ನಿಲ್ಲಿಸುತ್ತವೆ. ಆದರೆ ಅಲ್ಲಿಂದ ಹೊರಟ ಸಂಪತ್ತಿನ ದೊಡ್ಡ ಪಾಲು ಬಿಜಾಪುರಕ್ಕೆ ಬಂದಿತು. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಎದ್ದಿತು. ಜಾಮಿಯಾ ಮಸೀದಿಯ ಕೆಲಸ ಆರಂಭವಾಯಿತು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ದಖ್ಖನದ ಹಣ, ಕಲೆ, ಸಂಗೀತಗಳೆಲ್ಲ ಆ ಗೋಡೆಯ ಒಳಗೂ ಅದರ ಆಸುಪಾಸಿನಲ್ಲಿಯೂ ಬಂದು ಸೇರಿದವು. 1686ರಲ್ಲಿ ಔರಂಗಜೇಬನು ಮುತ್ತಿಗೆ ಹಾಕಿ ನಗರವನ್ನು ಗೆದ್ದುಕೊಂಡನು. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆ ತೊಡಿಸಿ ಗಗನಮಹಲಿನಲ್ಲಿ ಅವನ ಮುಂದೆ ನಿಲ್ಲಿಸಿದರೆಂದು ಹೇಳಿಕೆಯಿದೆ. ಆ ಬಳಿಕ ರಾಜಧಾನಿ ಎಂಬ ಪಟ್ಟ ಆ ಊರಿಗೆ ಮರಳಲಿಲ್ಲ. ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದದ್ದು 1885ರಲ್ಲಿ; ಸುಮಾರು ಇನ್ನೂರು ವರ್ಷಗಳ ಅಂತರ! ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟುವಷ್ಟು ಹಣವಂತರು ನಡುವೆ ಯಾರೂ ಬಾರದಿದ್ದುದೇ ನಮ್ಮ ಭಾಗ್ಯವೆನ್ನಬೇಕು. ಊರಿನವರ ಮಟ್ಟಿಗೆ ಅದು ಭಾಗ್ಯವಾಗಿತ್ತೆಂದು ಹೇಳಲಾರೆ.

ಇದರಿಂದ ಪ್ರವಾಸಿಗಾಗುವ ಲಾಭ ಬಹಳ ಸರಳವಾದುದು. ನೋಡಬೇಕಾದ ಸ್ಥಳಗಳು ಒಂದಕ್ಕೊಂದು ಹತ್ತಿರವಿವೆ. ಹಂಪಿಯಲ್ಲಿ ಎರಡು ದಿನಗಳಲ್ಲಿ ಒಂದು ದಿನದಷ್ಟು ಕಾಲ ಬರಿಯ ಓಡಾಟಕ್ಕೇ ಹೋಗುತ್ತದೆ. ಇಲ್ಲಿ ಒಂದು ಆಟೋ ಸಾಕು. ಸಿಕ್ಕರೆ ಟಾಂಗಾ ಹಿಡಿಯಿರಿ, ಈಗ ಅವು ವಿರಳವಾಗುತ್ತಿವೆ.

ಗೋಲಗುಂಬಜವನ್ನು ಬಿಡಬೇಡಿ, ಆದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿರಿ. ಹೊತ್ತೇರಿದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟುವವರು ಯಾರೂ ಇರುವುದಿಲ್ಲ, ಕಿರಿಚುವವರೇ ಎಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಸಮಾಧಿಯಿದು. ಒಳಗೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಚೌಕವನ್ನು ಮೆಲ್ಲಗೆ ವೃತ್ತದತ್ತ ತಿರುಗಿಸಿ, ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸವಿರುವ ಗುಮ್ಮಟವನ್ನು ಹೊತ್ತಿವೆ. ರೇಖಾಗಣಿತವೆಂದರೆ ಹೆದರುತ್ತಿದ್ದವರು ಅಲ್ಲಿ ಹತ್ತು ನಿಮಿಷ ತಲೆಯೆತ್ತಿ ನಿಲ್ಲಬೇಕು.

ನನ್ನ ಮನಸ್ಸು ಮಾತ್ರ ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದ ಕಡೆಗೇ ಎಳೆಯುತ್ತದೆ. ಮಗನದು ಗಾತ್ರ, ತಂದೆಯದು ಸೊಗಸು. ಎರಡನೆಯ ಇಬ್ರಾಹಿಮನು 1580ರಿಂದ 1627ರವರೆಗೆ ಆಳಿದನು. 'ಕಿತಾಬ್-ಎ-ನವರಸ್' ಎಂಬ ದಖ್ಖನಿ ಹಾಡುಗಳ ಪುಸ್ತಕ ಅವನದೇ. ರಾಗಗಳ ಹೆಸರಿನಡಿ ಬರೆದ ಆ ಹಾಡುಗಳಲ್ಲಿ ಸರಸ್ವತಿಗೂ ಗಣಪತಿಗೂ ವಂದನೆಯಿದೆ. ಕಲಬುರಗಿಯ ಗೇಸುದರಾಜರ ಸ್ತುತಿಯಿದೆ. ಅಷ್ಟೇ ಏಕೆ, ಮೋತಿಖಾನ್ ಎಂದು ಅವನು ಹೆಸರಿಟ್ಟಿದ್ದ ತಂಬೂರಿಯ ಮೇಲೂ, ಆತಿಶ್‌ಖಾನ್ ಎಂಬ ಆನೆಯ ಮೇಲೂ ಹಾಡುಗಳಿವೆ. ತಂಬೂರಿಗೆ ಹೆಸರಿಟ್ಟ ಅರಸನನ್ನು ಮಕ್ಕಳು ಬೇಗ ಮರೆಯಲಾರರು. ಜನರು ಅವನನ್ನು ಜಗದ್ಗುರು ಎಂದು ಕರೆದರು. ಇಂದು ನಮ್ಮ ಹಳ್ಳಿಪಟ್ಟಣಗಳಲ್ಲಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಕಾಲ ಬಂದಿರುವಾಗ, ಮಕ್ಕಳಿಗೆ ತೋರಿಸಲೆಂದು ನಾನು ಮೊದಲು ಆರಿಸುವುದು ಈ ಸಮಾಧಿಯನ್ನೇ.

ಮಲಿಕ್ ಸಂದಲ್ ಎಂಬಾತನು ಅದನ್ನು ಕಟ್ಟಿಸಿದನೆಂದೂ ಸುಮಾರು ಒಂದೂವರೆ ಲಕ್ಷ ಹೊನ್ನು ವೆಚ್ಚವಾಯಿತೆಂದೂ ಅಲ್ಲಿಯ ಶಾಸನವೇ ಹೇಳುತ್ತದೆ. ಲೆಕ್ಕವನ್ನು ಗೋಡೆಯ ಮೇಲೆ ಕೆತ್ತಿಸಿದ ಗುತ್ತಿಗೆದಾರರು ಇಂದು ಎಷ್ಟು ಮಂದಿ ಸಿಕ್ಕಾರು! ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಿದ್ದಾರೆ. ಸಂಜೆಯ ಹೊತ್ತಿಗೆ ಹೋದರೆ ಒಳ್ಳೆಯದು.

ಉಳಿದವುಗಳಲ್ಲಿ ಬಾರಾಕಮಾನು, ತಾಜ ಬಾವಡಿ, ಮಲಿಕ್-ಎ-ಮೈದಾನ್ ತೋಪು ಇವಿಷ್ಟನ್ನು ನೋಡಿದರೆ ಸಾಕು. ಬಾರಾಕಮಾನು ಎರಡನೆಯ ಅಲಿಯ ಸಮಾಧಿ. 1672ರಲ್ಲಿ ಅವನು ತೀರಿಕೊಂಡಾಗ ಕಟ್ಟಡ ಅರ್ಧಕ್ಕೇ ನಿಂತಿತು. ಬರಿಯ ಕಮಾನುಗಳು ಆಕಾಶಕ್ಕೆ ತೆರೆದುಕೊಂಡಿವೆ.

ಕನ್ನಡಿಗರಿಗೆ ಈ ಊರಿನ ಋಣ ಇನ್ನೊಂದಿದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ತಂದು, ಇಲ್ಲಿ ಕುಳಿತು ವಚನಗಳನ್ನು ಸಂಪಾದಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದವರು ಅವರು. ಅವರ ಹೆಸರಿನ ಸಂಶೋಧನ ಕೇಂದ್ರವೂ ಇದೇ ಊರಿನಲ್ಲಿದೆ.

ಇನ್ನು ಕಾಲದ ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೋಗುವ ಸಾಹಸ ಬೇಡ. ಡಿಸೆಂಬರ್, ಜನವರಿಯಲ್ಲಿ ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುತ್ತದೆ. ಪುಣ್ಯವಿದ್ದರೆ ಬೆಂಕಿಯಲ್ಲಿ ಸುಟ್ಟ ಸೀತನಿಯ ರುಚಿಯೂ ಸಿಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ: ನಂದಿಕೋಲಿನ ಮೆರವಣಿಗೆ, ದನಗಳ ಜಾತ್ರೆ, ಮದ್ದು ಸುಡುವ ಸಂಭ್ರಮ. ಜಾತ್ರೆಯನ್ನು ನೋಡುವ ಆಸೆಯಿದ್ದರೆ ಕೋಣೆಯನ್ನು ಮೊದಲೇ ಕಾಯ್ದಿರಿಸಿಕೊಳ್ಳಿ. ಇಲ್ಲದಿದ್ದರೆ ಅದರ ಹಿಂದಿನ ವಾರವೇ ಮೇಲು.

ಖರ್ಚಿನ ವಿಷಯಕ್ಕೆ ಬರುವುದಾದರೆ, ಬೆಂಗಳೂರಿನವರಿಗೆ ರಾತ್ರಿ ರೈಲು ಉತ್ತಮ. ಒಂದು ರಾತ್ರಿಯ ವಸತಿಯ ಹಣ ಉಳಿಯುತ್ತದೆ. ಊಟಕ್ಕೆ ಖಾನಾವಳಿಗೆ ಹೋಗಿರಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಡಿಸುತ್ತಾರೆ. "ಇನ್ನೊಂದು ರೊಟ್ಟಿ ತಗೋರಿ" ಎಂಬ ಒತ್ತಾಯಕ್ಕೆ ಪ್ರತ್ಯೇಕ ದರವಿಲ್ಲ. ಹಾಗೆ ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಸ್ಥಳೀಯ ಮಾರ್ಗದರ್ಶಕನಿಗೆ ಕೊಡಿ, ಚೌಕಾಸಿ ಮಾಡಬೇಡಿ. ಗೋಲಗುಂಬಜದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅದನ್ನು ನೋಡಿಕೊಂಡು ಟಿಕೆಟ್ಟು ತೆಗೆಸಿರಿ.